ಸೀಟಿಗೊಂದು ಅಂಗಿ, ಅಂಗಿಗೊಂದು ಕೋಟು

ಹೊಸ ಕಾರಿನ ಕೀಲಿ ಕೈಗೆ ಬರುವ ಮೊದಲೇ ಷೋರೂಮಿನವರು ಒಂದು ಹೆದರಿಕೆಯನ್ನು ಉಚಿತವಾಗಿ ಕೊಟ್ಟಿರುತ್ತಾರೆ. ‘ಇಂಟೀರಿಯರ್‌ಗೆ ಪ್ರೊಟೆಕ್ಷನ್ ಹಾಕಿಸ್ಬಿಡಿ ಸಾರ್, ಈಗ ಬಿಟ್ರೆ ಆಮೇಲೆ ಕಷ್ಟ.’ ಹನ್ನೆರಡು ಲಕ್ಷ ಕೊಟ್ಟು ಕೊಂಡ ವಸ್ತು ಕೆಲವು ಸಾವಿರದ ದ್ರಾವಣ ಬಳಿಯದಿದ್ದರೆ ಉಳಿಯುವುದಿಲ್ಲ ಎಂದಾದರೆ, ಆ ಹನ್ನೆರಡು ಲಕ್ಷಕ್ಕೆ ಇವರು ಮಾರಿದ್ದಾದರೂ ಏನು ಎಂದು ಯಾವ ಗೃಹಸ್ಥನಾದರೂ ಕೇಳಬೇಕು. ಆದರೆ ಕೊರಳಲ್ಲಿ ಹಾರ, ಕೈಯಲ್ಲಿ ಕೇಕಿನ ಚಾಕು, ಎದುರಿಗೆ ಕ್ಯಾಮೆರಾ. ಇಂಥ ಮುಹೂರ್ತದಲ್ಲಿ ಪ್ರಶ್ನೆ ಏಳುವುದಿಲ್ಲ, ಸಹಿ ಬೀಳುತ್ತದೆ.

ಕರ್ನಾಟಕದಲ್ಲಿ ಪೆಟ್ರೋಲ್ ಕಾರು ಕೊಂಡವನು ಅದರ ಬೆಲೆ ನೋಡಿಕೊಂಡು ನೂರಕ್ಕೆ 13ರಿಂದ 18ರಷ್ಟು ರಸ್ತೆ ತೆರಿಗೆಯನ್ನೂ ಕಟ್ಟಿರುತ್ತಾನೆ. ಅದಕ್ಕೆ ಪ್ರತಿಯಾಗಿ ಸರ್ಕಾರ ಅವನಿಗೆ ಧೂಳನ್ನು ಒದಗಿಸುತ್ತದೆ. ಬೆಂಗಳೂರಿನವನಿಗೆ ಮೆಟ್ರೊ ಕಾಮಗಾರಿಯ ಬೂದು ಧೂಳು, ಸಂಡೂರಿನವನಿಗೆ ಅದಿರಿನ ಕೆಂಧೂಳು. ಹೊರಗಿನ ರಸ್ತೆ ಕೈಮೀರಿದ್ದು, ಒಳಗಿನ ನಾಲ್ಕು ಸೀಟಾದರೂ ನನ್ನ ಆಡಳಿತದಲ್ಲಿರಲಿ ಎಂದು ಪ್ರಜೆ ಕಾರಿನ ಸಾಮಾನಿನ ಅಂಗಡಿಗಳು ಸಾಲುಗಟ್ಟಿರುವ ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆಗೆ ತಿರುಗುತ್ತಾನೆ.

ನಮ್ಮ ಬೀದಿಯ ರಾಯರು ಅಲ್ಲಿಗೆ ಹೋದಾಗ ನಾನೂ ಜೊತೆಗಿದ್ದೆ. ಗೋಡೆಯ ತುಂಬ ಬಾಟಲಿ. ಕೌಂಟರಿನ ಹುಡುಗನ ಮುಖದಲ್ಲಿ ತಜ್ಞವೈದ್ಯರ ಗಾಂಭೀರ್ಯ.

‘ಡ್ಯಾಶ್‌ಬೋರ್ಡ್‌ಗೆ ಏನಿದೆಯಪ್ಪಾ?’

‘ಕ್ಲೀನರ್ ಬೇಕಾ, ಪಾಲಿಶ್ ಬೇಕಾ ಸಾರ್?’

‘ವ್ಯತ್ಯಾಸ ಏನು?’

‘ಕ್ಲೀನರ್ ಧೂಳು ತೆಗೆಯತ್ತೆ. ಪಾಲಿಶ್ ಹಾಕಿದ್ರೆ ಮಿಂಚತ್ತೆ.’

‘ಮಿಂಚೋದರ ಮೇಲೆ ಧೂಳು ಕೂರಲ್ವಾ?’

‘ಅದಕ್ಕೇ ಕ್ಲೀನರ್ ಸಾರ್.’

ರಾಯರು ಎರಡನ್ನೂ ಕೊಂಡರು. ಇಡೀ ಉದ್ಯಮದ ಅರ್ಥಶಾಸ್ತ್ರ ಈ ಸಂಭಾಷಣೆಯಲ್ಲಿದೆ. ಅಗ್ಗದ ಪಾಲಿಶ್‌ಗಳ ಹೊಳಪು ಹೆಚ್ಚಾಗಿ ಸಿಲಿಕೋನ್ ಎಣ್ಣೆಯದು. ಎಣ್ಣೆ ಬಳಿದ ಮೇಲ್ಮೈಗೆ ಧೂಳು ಅಂಟುತ್ತದೆ, ಅಂಟಿದ್ದನ್ನು ತೆಗೆಯಲು ಕ್ಲೀನರ್ ಬೇಕು, ಕ್ಲೀನರ್ ಹೊಳಪನ್ನೂ ಒರೆಸಿಕೊಂಡು ಹೋಗುವುದರಿಂದ ಮತ್ತೆ ಪಾಲಿಶ್ ಬೇಕು. ಬಾಟಲಿಗಳು ಒಂದನ್ನೊಂದು ಸಾಕುತ್ತವೆ. ರಾಯರು ಎರಡನ್ನೂ ಸಾಕುತ್ತಾರೆ.

ಅಸಲಿಗೆ ಡ್ಯಾಶ್‌ಬೋರ್ಡ್ ಮಂಕಾಗಿರುವುದು ಕಂಪನಿಯವರ ಬಡತನದಿಂದಲ್ಲ. ಬಿಸಿಲು ಅದರ ಮೇಲೆ ಬಿದ್ದು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಚಾಲಕನ ಕಣ್ಣು ಕುಕ್ಕಬಾರದೆಂದು ಎಂಜಿನಿಯರುಗಳು ಬೇಕೆಂದೇ ಅದನ್ನು ತರಿತರಿಯಾಗಿ, ಹೊಳೆಯದಂತೆ ಮಾಡಿರುತ್ತಾರೆ. ನಾವು ಭಾನುವಾರ ಬೆಳಿಗ್ಗೆ ಒಂದು ಗಂಟೆಯಲ್ಲಿ ಅವರ ತಪ್ಪನ್ನು ತಿದ್ದುತ್ತೇವೆ. ಸೋಮವಾರ ತುಮಕೂರು ರಸ್ತೆಯಲ್ಲಿ ಗಾಜಿನ ತುಂಬ ಡ್ಯಾಶ್‌ಬೋರ್ಡಿನ ಬಿಂಬ ತೇಲುತ್ತದೆ, ಎದುರಿನ ಲಾರಿ ಅದರ ಹಿಂದೆಲ್ಲೋ ಇರುತ್ತದೆ. ಆಗ ಕಣ್ಣಿಗೆ ಆ್ಯಂಟಿಗ್ಲೇರ್ ಕನ್ನಡಕ ಕೊಳ್ಳುತ್ತೇವೆ. ಅದೂ ಅದೇ ಅಂಗಡಿಯಲ್ಲಿ, ಬಾಟಲಿಗಳ ಪಕ್ಕದ ಸಾಲಿನಲ್ಲೇ ಸಿಗುತ್ತದೆ.

ವಾಟರ್ ಸರ್ವಿಸ್ ಹುಡುಗರದು ಇನ್ನೂ ಉದಾರ ಕೈ. ‘ಪಾಲಿಶ್ ಹೊಡೀಲಾ ಸಾರ್?’ ಎಂದು ಕೇಳಿ, ಹೂಂ ಅನ್ನುವಷ್ಟರಲ್ಲಿ ಸ್ಟೀರಿಂಗ್, ಗೇರ್ ಹಿಡಿ, ಪೆಡಲ್‌ವರೆಗೆ ಅಭ್ಯಂಜನ ಮುಗಿಸಿರುತ್ತಾರೆ. ಜಾರಬಾರದೆಂದು ಬ್ರೇಕ್ ಪೆಡಲಿನ ರಬ್ಬರಿಗೆ ಕಂಪನಿಯವರು ಗೀರು ಕೊಟ್ಟಿದ್ದರೆ, ಗೀರಿನೊಳಗೂ ಎಣ್ಣೆ ಇಳಿದಿರುತ್ತದೆ. ಕಾರು ನಿಲ್ಲದಿದ್ದರೇನಂತೆ, ಪೆಡಲು ಮಿಂಚುತ್ತದಲ್ಲ.

ಬಾಟಲಿಯ ಮೇಲೆ ದಪ್ಪಕ್ಷರದಲ್ಲಿ ‘ಯುವಿ ಪ್ರೊಟೆಕ್ಷನ್’ ಎಂದು ಬರೆದಿರುತ್ತದೆ. ಸೂರ್ಯನ ಅತಿನೇರಳೆ ಕಿರಣ ಪ್ಲಾಸ್ಟಿಕ್ಕನ್ನು ಕೆಡಿಸುವುದು ನಿಜ. ಆದರೆ ಡ್ಯಾಶ್‌ಬೋರ್ಡಿನ ಎದುರಿಗಿರುವ ಗಾಜು ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಸೇರಿಸಿ ಮಾಡಿದ್ದು. ಅಮೆರಿಕದಲ್ಲಿ 29 ಕಾರುಗಳನ್ನು ಅಳೆದು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮುಂದಿನ ಗಾಜು ಯುವಿ-ಎ ಕಿರಣದ ಸರಾಸರಿ ಶೇ 96ರಷ್ಟನ್ನು ತಡೆಯುತ್ತದೆ, ಪಕ್ಕದ ಗಾಜು ಶೇ 71ರಷ್ಟನ್ನು ಮಾತ್ರ. ಅಂದರೆ ನಾವು ಡ್ಯಾಶ್‌ಬೋರ್ಡಿಗೆ ಸನ್‌ಸ್ಕ್ರೀನ್ ಬಳಿಯುತ್ತಿರುವುದು ಅದು ಆಗಲೇ ಛತ್ರಿಯಡಿ ಕೂತಿರುವಾಗ. ಕಿಟಕಿಯ ಕಡೆಯ ನಮ್ಮ ಬಲಗೈ ಮಾತ್ರ ಸುಡುತ್ತಿರುತ್ತದೆ. ಅದಕ್ಕೆ ಜೆ.ಸಿ. ರಸ್ತೆಯಲ್ಲಿ ಬಾಟಲಿ ಇಲ್ಲ.

ಡ್ಯಾಶ್‌ಬೋರ್ಡಿನ ದೊಡ್ಡ ವೈರಿ ಶಾಖ. ಅರಿಜೋನಾದ ಬೇಸಿಗೆಯಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಂದು ಗಂಟೆ ಬಿಸಿಲಲ್ಲಿ ನಿಂತ ಕಾರುಗಳ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ನೆರಳಲ್ಲಿ ನಿಂತ ಕಾರುಗಳದು 48. ಕಲಬುರಗಿಯವರಿಗೆ ಅರಿಜೋನಾದ ಬಿಸಿಲನ್ನು ವಿವರಿಸಬೇಕಾಗಿಲ್ಲ. ಹೀಗೆ ಕಾದ ಪ್ಲಾಸ್ಟಿಕ್ಕಿನಿಂದ ಅದನ್ನು ಮೆದುವಾಗಿಟ್ಟಿದ್ದ ರಾಸಾಯನಿಕಗಳು ಆವಿಯಾಗಿ ಹೊರಟು, ಗಾಜಿನ ಒಳಮೈಗೆ ಜಿಡ್ಡಾಗಿ ಕೂರುತ್ತವೆ. ‘ಹೊಸ ಕಾರಿನ ವಾಸನೆ’ ಎಂದು ನಾವು ಕಣ್ಮುಚ್ಚಿ ಮೂಗರಳಿಸುವುದೂ ಇಂಥ ಆವಿಗಳನ್ನೇ. ಆ 21 ಡಿಗ್ರಿಯನ್ನು ಇಳಿಸಿಕೊಡುವ ಉತ್ಪನ್ನ ಒಂದಿದೆ. ಹೊಂಗೆ ಮರ ಎನ್ನುತ್ತಾರೆ. ರಸ್ತೆ ಅಗಲ ಮಾಡುವಾಗ ಅದನ್ನು ಕಡಿದು, ಆ ಜಾಗದಲ್ಲಿ ಕಾರು ನಿಲ್ಲಿಸಿ, ಪ್ರೊಟೆಕ್ಟೆಂಟ್ ಬಳಿಯುತ್ತಿದ್ದೇವೆ.

ಈಗ ಸೀಟಿಗೆ ಬನ್ನಿ. ಲೆದರ್ ಕಂಡಿಷನರ್ ಎಂಬುದೊಂದಿದೆ. ಚರ್ಮವನ್ನು ಒಳಗಿನಿಂದ ಪೋಷಿಸುತ್ತದಂತೆ. ಇವತ್ತಿನ ಕಾರುಗಳ ನಿಜವಾದ ಚರ್ಮದ ಸೀಟಿಗೂ ಬಹುಪಾಲು ಬಣ್ಣ ಮತ್ತು ಪಾಲಿಯುರೆಥೇನಿನ ಲೇಪ ಇರುತ್ತದೆ. ನೀವು ತಿಕ್ಕಿದ ಪೋಷಕಾಂಶ ಆ ಲೇಪದ ಮೇಲೆ ಕೂತು, ಅಲ್ಲಿಂದ ನಿಮ್ಮ ಪ್ಯಾಂಟಿಗೆ ವರ್ಗವಾಗುತ್ತದೆ. ಇನ್ನು ನಮ್ಮಲ್ಲಿ ಹೆಚ್ಚಿನ ಕಾರುಗಳಲ್ಲಿರುವುದು ಲೆದರೆಟ್, ಅಂದರೆ ಬಟ್ಟೆಯ ಮೇಲೆ ಪಿವಿಸಿಯನ್ನೋ ಪಾಲಿಯುರೆಥೇನನ್ನೋ ಹೊದಿಸಿದ್ದು. ಜನ್ಮದಲ್ಲಿ ಹಟ್ಟಿ ಕಾಣದ ಆ ತೊಗಲಿಗೂ ರಾಯರು ತಿಂಗಳಿಗೊಮ್ಮೆ ಪೋಷಣೆ ಮಾಡುತ್ತಾರೆ. ಮಗನಿಗೆ ಪ್ರೋಟೀನ್ ಪುಡಿ, ಸೀಟಿಗೆ ಕಂಡಿಷನರ್. ಎರಡೂ ಕಡೆ ಫಲಿತಾಂಶಕ್ಕೆ ಕಾಯುತ್ತಿದ್ದಾರೆ.

ಸೀಟಿಗೆ ಹಾಕುವ ಕವರಿನ ಕಥೆ ಇದಕ್ಕಿಂತ ಗಂಭೀರ. ಮೊದಲು ಕಂಪನಿಯ ಬಟ್ಟೆ. ಅದು ಕೊಳೆಯಾಗದಿರಲೆಂದು ಲೆದರೆಟ್ ಕವರ್. ಅದು ಸವೆಯದಿರಲೆಂದು ಮೇಲೊಂದು ಟವೆಲ್. ಕಾರ್ಖಾನೆಯಿಂದ ಬಂದ ಪಾಲಿಥೀನನ್ನೂ ಕೆಲವರು ಹಾಗೇ ಉಳಿಸಿಕೊಂಡಿರುತ್ತಾರೆ. ಕೂತರೆ ಪರಪರ, ಎದ್ದರೆ ಬೆನ್ನಿಗೆ ಅಂಟು, ಮಳೆಗಾಲದಲ್ಲಿ ಅದರಡಿ ತೇವ ಸಿಕ್ಕಿಕೊಂಡು ಕರಾವಳಿ, ಮಲೆನಾಡುಗಳಲ್ಲಿ ಬೂಷ್ಟು. ಇದೆಲ್ಲ ಮೂರನೆಯವರಿಗೆ ನಗು. ಆದರೆ ಈಗಿನ ಅನೇಕ ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಇರುವುದು ಸೀಟಿನ ಅಂಚಿನಲ್ಲೇ. ಡಿಕ್ಕಿಯಾದ ಕ್ಷಣದಲ್ಲಿ ಅದು ಹೊಲಿಗೆ ಬಿರಿದು ಹೊರಬರಬೇಕು. ಬಿಗಿಯಾದ ಕವರು ಅದಕ್ಕೆ ಅಡ್ಡ ಬರಬಹುದೆಂದು ತಯಾರಕರೇ ಎಚ್ಚರಿಸುತ್ತಾರೆ. ನಾವು ಆರು ಏರ್‌ಬ್ಯಾಗಿನ ಕಾರೇ ಬೇಕೆಂದು ಹಟ ಹಿಡಿದು ಕೊಂಡು, ಮರುದಿನವೇ ಎರಡಕ್ಕೆ ಹೊಲಿಗೆ ಹಾಕಿಸಿಕೊಂಡು ಬರುತ್ತೇವೆ. ಸೀಟಿನ ಬಟ್ಟೆಗೆ ಕಾಫಿ ಬಿದ್ದೀತು ಎಂಬ ಭಯದ ಮುಂದೆ ಪಕ್ಕೆಲುಬಿನ ಭಯ ಸಣ್ಣದು.

ಈ ವಿಷಯದಲ್ಲಿ ವಿಧಾನಸೌಧವೇ ವಾಸಿ. ಅಧಿಕಾರಿಗಳ ಕಾರಿನ ಸೀಟಿನ ಬೆನ್ನಿಗೆ ಹೊದಿಸುವ ಬಿಳಿ ಟರ್ಕಿ ಟವೆಲ್ ಒಗೆಯಲು ಬರುತ್ತದೆ, ಬೆವರು ಹೀರುತ್ತದೆ, ಸಡಿಲವಾಗಿರುತ್ತದೆ. ಅದು ಕಾಪಾಡುವುದು ಸೀಟನ್ನೋ ಸ್ಥಾನವನ್ನೋ ಎಂಬ ಜಿಜ್ಞಾಸೆ ಇರಬಹುದು. ವರ್ಗಾವಣೆಯಾದಾಗ ಸಾಹೇಬರು ಹೋಗುತ್ತಾರೆ, ಟವೆಲ್ ಉಳಿಯುತ್ತದೆ.

ಕಾಲ ಕೆಳಗೆ ನೋಡಿದರೆ ಅಲ್ಲೂ ಇದೇ ನೀತಿ. ಕಾರ್ಪೆಟ್ಟಿನ ಮೇಲೆ ಮ್ಯಾಟು, ಮ್ಯಾಟಿನ ಮೇಲೆ ‘ಸೆವೆನ್ ಡಿ’ ಮ್ಯಾಟು. ಭೌತವಿಜ್ಞಾನಿಗಳು ಇನ್ನೂ ನಾಲ್ಕನೆಯ ಆಯಾಮದಲ್ಲಿ ಒದ್ದಾಡುತ್ತಿರುವಾಗ ಜೆ.ಸಿ. ರಸ್ತೆ ಏಳನ್ನು ದಾಟಿದೆ. 2009ರಲ್ಲಿ ಟೊಯೊಟಾ ಕಂಪನಿ ಅಮೆರಿಕದ ಸುಮಾರು 38 ಲಕ್ಷ ಕಾರುಗಳ ಮಾಲೀಕರಿಗೆ ಚಾಲಕನ ಕಾಲಡಿಯ ಮ್ಯಾಟನ್ನು ತೆಗೆದಿಡಿ ಎಂದು ಹೇಳಬೇಕಾಯಿತು. ಸರಿದ ಮ್ಯಾಟಿಗೆ ಆಕ್ಸಿಲರೇಟರ್ ಸಿಕ್ಕಿಕೊಳ್ಳುವ ಅಪಾಯವಿತ್ತು. ಮ್ಯಾಟಿನ ಮೇಲೆ ಮ್ಯಾಟು ಹಾಕಬೇಡಿ ಎಂಬುದು ಅಂದಿನಿಂದ ಇಂದಿನವರೆಗೂ ಇರುವ ಎಚ್ಚರಿಕೆ. ಆದರೆ ಕಾರ್ಪೆಟ್ ಕೆಂಪಾಗುತ್ತಲ್ಲ!

ಹೊಳೆಯಬಾರದ್ದನ್ನು ಹೊಳೆಸುವ ನಾವು ಹೊಳೆಯಬೇಕಾದ್ದನ್ನು ಗೀರುವುದರಲ್ಲೂ ನಿಸ್ಸೀಮರು. ಗೇರಿನ ಸುತ್ತ, ಪರದೆಯ ಸುತ್ತ ‘ಪಿಯಾನೊ ಬ್ಲ್ಯಾಕ್’ ಎಂಬ ಕನ್ನಡಿಯಂಥ ಕಪ್ಪು ಪ್ಲಾಸ್ಟಿಕ್ ಕೊಡುವುದು ಈಚಿನ ಷೋಕಿ. ಧೂಳಿನಲ್ಲಿ ಮರಳಿನ ಕಣವಿರುತ್ತದೆ. ಒಣ ಬಟ್ಟೆಯಲ್ಲಿ ಒಮ್ಮೆ ಉಜ್ಜಿದರೆ ಜೇಡರ ಬಲೆ. ಟಚ್‌ಸ್ಕ್ರೀನಿಗೆ ಕಿಟಕಿಯ ಗಾಜಿನ ನೀಲಿ ದ್ರಾವಣ ಸಿಂಪಡಿಸುವವರಿದ್ದಾರೆ. ಅಮೋನಿಯ ಇದ್ದದ್ದಾದರೆ ಪ್ರತಿಫಲನ ತಡೆಯುವ ಲೇಪವೇ ಕಿತ್ತುಬರಬಹುದು. 2020ರ ಕೊರೊನಾ ಕಾಲದಲ್ಲಿ ಸ್ಯಾನಿಟೈಸರನ್ನು ತೀರ್ಥದಂತೆ ಪ್ರೋಕ್ಷಿಸಿ ಎಷ್ಟು ಸ್ಟೀರಿಂಗುಗಳು ಬಣ್ಣ ಕಳೆದುಕೊಂಡವೋ! ವೈರಸ್ಸು ಹೋಯಿತು, ಜೊತೆಗೆ ಮೇಲ್ಪದರವೂ.

ಬಾಟಲಿ ಬೇಡವೆನ್ನುವವರಿಗೆ ವಾಟ್ಸ್‌ಆ್ಯಪ್ ಇದೆ. ಡ್ಯಾಶ್‌ಬೋರ್ಡಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಹೊಸದರ ಹಾಗಾಗುತ್ತದೆ ಎಂದು ಬೆಳಿಗ್ಗೆ ಆರಕ್ಕೇ ಗುಡ್ ಮಾರ್ನಿಂಗ್ ಜೊತೆ ಬರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಇಡೀ ಕಾರು ಒಗ್ಗರಣೆಗೆ ಸಿದ್ಧವಾಗಿರುತ್ತದೆ. ಆಯುಧಪೂಜೆಯ ಮರುದಿನ ಸೀಟಿಗೆ ಬಿದ್ದ ಅರಿಸಿನದ ಕಲೆಗೆ ಬಟ್ಟೆ ಸೋಪು ಹಚ್ಚಿ ಎಂಬುದು ಇನ್ನೊಂದು ಸಲಹೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡುವ ನಾಡಿನಲ್ಲಿ ಹುಟ್ಟಿಯೂ, ಕ್ಷಾರ ತಗುಲಿದರೆ ಅರಿಸಿನ ಕೆಂಪಾಗುತ್ತದೆಂಬುದು ಸೀಟಿನ ಮುಂದೆ ಕೂತಾಗ ಮರೆತುಹೋಗುತ್ತದೆ. ಹಳದಿ ಇದ್ದದ್ದು ಕೆಂಪಾಗಿ, ಸೀಟು ಅರಿಸಿನ ಕುಂಕುಮ ಎರಡನ್ನೂ ಪಡೆದ ಮುತ್ತೈದೆಯಾಗುತ್ತದೆ. ಅಳಿದುಳಿದ ಅರಿಸಿನವನ್ನು ಬಿಸಿಲೇ ತೆಳುವಾಗಿಸುತ್ತದೆ. ಅಂದರೆ ಬಾಟಲಿಗಟ್ಟಲೆ ಸುರಿದು ದೂರವಿಟ್ಟ ಸೂರ್ಯನಿಗೇ ಕೊನೆಗೆ ಅರ್ಜಿ ಹಾಕಬೇಕು.

ಇನ್ನು ವಾಸನೆ. ಕಾರಿನೊಳಗಿನ ಮುಗ್ಗಲು ವಾಸನೆ ಬಹಳ ಸಲ ಎಸಿಯ ಒಳಗಿನ ತೇವದಿಂದ, ಕಸ ಕಟ್ಟಿದ ಕ್ಯಾಬಿನ್ ಫಿಲ್ಟರಿನಿಂದ ಬರುತ್ತದೆ. ಫಿಲ್ಟರು ಕೆಲವು ನೂರು ರೂಪಾಯಿಯದು, ಗ್ಲೋವ್ ಬಾಕ್ಸಿನ ಹಿಂದೆ ಕಣ್ಣಿಗೆ ಬೀಳದಂತೆ ಇರುವ ಪಾಪದ ವಸ್ತು. ಕಣ್ಣಿಗೆ ಬೀಳದ್ದಕ್ಕೆ ಯಾರು ದುಡ್ಡು ಹಾಕುತ್ತಾರೆ? ಬದಲಿಗೆ ಎಸಿ ಕಿಂಡಿಗೆ ಮಲ್ಲಿಗೆ ಪರಿಮಳದ ಡಬ್ಬಿ ಸಿಕ್ಕಿಸುತ್ತೇವೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂದ ಹಿರಿಯರು ಕಾರು ಕಾಣದೆಯೇ ಕಾರಿನ ಬಗ್ಗೆ ಹೇಳಿಹೋಗಿದ್ದಾರೆ.

ಇಷ್ಟೆಲ್ಲ ಯಾರಿಗಾಗಿ ಎಂದು ರಾಯರನ್ನು ಕೇಳಿದೆ. ‘ರೀಸೇಲ್ ವ್ಯಾಲ್ಯೂ ಕಣ್ರೀ’ ಎಂದರು. ಅಂದರೆ ಏಳು ವರ್ಷದ ಮೇಲೆ ಬರಲಿರುವ ಅಪರಿಚಿತನೊಬ್ಬನಿಗಾಗಿ ಮೊಮ್ಮಗ ಕಾರಲ್ಲಿ ಚಿಪ್ಸ್ ತಿನ್ನುವಂತಿಲ್ಲ, ತಲೆಗೆ ಎಣ್ಣೆ ಹಚ್ಚಿದ ಅತ್ತೆ ಒರಗುವಂತಿಲ್ಲ, ಮಳೆಯಲ್ಲಿ ನೆನೆದ ಹೆಂಡತಿ ಒಣಗುವವರೆಗೆ ಹತ್ತುವಂತಿಲ್ಲ. ಆ ಅಪರಿಚಿತ ಬಂದೇ ಬರುತ್ತಾನೆ. ಬಾನೆಟ್ ಎತ್ತಿಸುತ್ತಾನೆ, ಕಿಲೋಮೀಟರ್ ನೋಡುತ್ತಾನೆ, ಟೈರಿಗೆ ಒದೆಯುತ್ತಾನೆ, ‘ಮಾಡೆಲ್ ಹಳೇದಾಯ್ತಲ್ಲ’ ಎಂದು ಐವತ್ತು ಸಾವಿರ ಕಡಿಮೆ ಕೇಳುತ್ತಾನೆ. ಪಕ್ಕದಲ್ಲೇ ದಲ್ಲಾಳಿಯ ಹುಡುಗ ಯಾವುದೋ ಹಳೇ ಟ್ಯಾಕ್ಸಿಗೆ ಸಿಲಿಕೋನ್ ಬಳಿದು ಅರ್ಧ ದಿನದಲ್ಲಿ ರಾಯರ ಕಾರಿನಷ್ಟೇ ಮಿಂಚಿಸಿ ನಿಲ್ಲಿಸಿರುತ್ತಾನೆ. ಏಳು ವರ್ಷದ ತಪಸ್ಸಿಗೂ ಅರ್ಧ ದಿನದ ಎಣ್ಣೆಗೂ ಮಾರುಕಟ್ಟೆಯಲ್ಲಿ ಒಂದೇ ಹೊಳಪು.

ಹಾಗಾದರೆ ಏನು ಕೊಳ್ಳಬೇಕು ಎಂದು ಕೇಳುವ ಹಟವಾದಿಗಳಿಗೆ ಉತ್ತರ ಚಿಕ್ಕದು. ಒಂದೆರಡು ಮೈಕ್ರೋಫೈಬರ್ ಬಟ್ಟೆ, ಅವನ್ನು ಒಗೆಯುವಾಗ ಕಂಫರ್ಟ್ ಹಾಕದಷ್ಟು ಸಂಯಮ. ಧೂಳಿಗೆ ಮೊದಲು ವ್ಯಾಕ್ಯೂಮ್, ಆಮೇಲೆ ಹಿಂಡಿದ ಒದ್ದೆ ಬಟ್ಟೆ. ಜಿಡ್ಡಿದ್ದರೆ ಸೌಮ್ಯ ಸೋಪಿನ ನೀರು, ಅದೂ ಬಟ್ಟೆಗೆ, ನೇರ ಸ್ವಿಚ್ಚಿಗಲ್ಲ. ಛಾವಣಿಯ ಬಟ್ಟೆಯನ್ನು ನೆನೆಸಬಾರದು, ಅಂಟು ಬಿಟ್ಟು ತಲೆಯ ಮೇಲೆ ಜೋತುಬೀಳುತ್ತದೆ. ಬಾಟಲಿ ಬೇಕೇ ಬೇಕೆನಿಸಿದರೆ ನೀರು ಆಧಾರಿತ, ಹೊಳಪಿಲ್ಲದ ಮ್ಯಾಟ್ ಫಿನಿಶ್‌ನದು ಒಂದು. ಸ್ಟೀರಿಂಗ್, ಪೆಡಲಿಗೆ ಅದೂ ಬೇಡ. ನಿಲ್ಲಿಸಿದಾಗ ಗಾಜಿನ ಹಿಂದೆ ಮಡಚುವ ಸನ್‌ಶೇಡ್. ಈ ಪಟ್ಟಿಯಿಂದ ಯಾರ ಅಂಗಡಿಯೂ ನಡೆಯುವುದಿಲ್ಲ, ಆದ್ದರಿಂದ ಯಾವ ಅಂಗಡಿಯಲ್ಲೂ ಇದನ್ನು ಹೇಳುವುದಿಲ್ಲ.

ಹೇಳಿರುವುದು ಒಂದೇ ಕಡೆ. ಗ್ಲೋವ್ ಬಾಕ್ಸಿನಲ್ಲಿ ಓನರ್ಸ್ ಮ್ಯಾನ್ಯುಯಲ್ ಎಂಬ ಪುಸ್ತಕವಿದೆ. ಒಳಭಾಗವನ್ನು ಯಾವುದರಿಂದ ಒರೆಸಬೇಕು, ಯಾವುದನ್ನು ಹತ್ತಿರ ಸೇರಿಸಬಾರದು, ಏರ್‌ಬ್ಯಾಗಿನ ಮೇಲೆ ಏನನ್ನು ಹೊದಿಸಬಾರದು ಎಂದು ತಯಾರು ಮಾಡಿದವರೇ ಬರೆದಿಟ್ಟಿದ್ದಾರೆ. ರಾಯರ ಕಾರಿನಲ್ಲಿ ಅದರ ಪ್ಲಾಸ್ಟಿಕ್ ಚೀಲ ಇನ್ನೂ ಬಿಚ್ಚಿಲ್ಲ. ಇಡೀ ಕಾರಿನೊಳಗೆ ಯಾವ ಬಾಟಲಿಯ ನೆರವೂ ಇಲ್ಲದೆ ಷೋರೂಮಿನ ಹೊಸತನ ಉಳಿಸಿಕೊಂಡಿರುವ ವಸ್ತು ಅದೊಂದೇ.