ಮಂತ್ರಿ ಬಂದಾಗ ಎದ್ದ ಫ್ರಿಜ್ಜು

ಹೊಸನಗರ ತಾಲ್ಲೂಕಿನಲ್ಲಿ ಯಾವ ಯಂತ್ರವೂ ಪೂರ್ತಿ ಸಾಯುವುದಿಲ್ಲ. ಮಿಕ್ಸಿ ಸುಟ್ಟ ವಾಸನೆ ಬಿಟ್ಟು ನಿಲ್ಲುವುದು, ಫ್ರಿಜ್ಜು ಗುರ್ರೆಂದು ಟಕ್ಕೆಂದು ಸುಮ್ಮನಾಗುವುದು, ಟಿವಿಯಲ್ಲಿ ಚಿತ್ರ ಹೋಗಿ ಮಾತು ಮಾತ್ರ ಉಳಿಯುವುದು, ಇವೆಲ್ಲ ಇಲ್ಲಿ ದೀರ್ಘ ರಜೆಯ ಅರ್ಜಿಗಳಷ್ಟೆ. ಗುಜರಿಯವನಿಗೆ ಕೊಡೋಣವೆಂದು ಹೊರಜಗಲಿಗೆ ತಂದಿಟ್ಟು, ಸಾಗರಕ್ಕೋ ಶಿವಮೊಗ್ಗಕ್ಕೋ ಹೋಗಿ ಹೊಸದಕ್ಕೆ ಅಡ್ವಾನ್ಸ್ ಕೊಟ್ಟು ಬಂದಿರುತ್ತೀರಿ. ಮರುದಿನ ಮೊಮ್ಮಗು ಆಟಕ್ಕೆಂದು ಸ್ವಿಚ್ ಒತ್ತಿದರೆ ಹಳೆಯದು ಗಿರ್ರನೆ ತಿರುಗುತ್ತದೆ. ಹಿರಿಯರು ಇದಕ್ಕೆ ಹರಕೆಯನ್ನೂ ಕಿರಿಯರು ಯೂಟ್ಯೂಬನ್ನೂ ಕಾರಣ ಮಾಡುತ್ತಾರೆ. ಇಬ್ಬರಿಗೂ ನನ್ನ ತಕರಾರಿದೆ.

ಮಿಕ್ಸಿಯಿಂದಲೇ ಶುರು ಮಾಡೋಣ. ಪುಷ್ಯ ಮಳೆ ಹಿಡಿಯಿತೆಂದರೆ ನಗರ, ಮಾಸ್ತಿಕಟ್ಟೆ, ಹುಲಿಕಲ್ ಕಡೆಯ ಮನೆಗಳಲ್ಲಿ ಗೋಡೆ ಬೆವರುತ್ತದೆ, ಉಪ್ಪಿನ ಮರಿಗೆಯಲ್ಲಿ ನೀರೊಡೆಯುತ್ತದೆ, ಬೆಂಕಿಕಡ್ಡಿ ಗೀರಿದರೆ ಮದ್ದು ಕಿತ್ತು ಬರುತ್ತದೆಯೇ ಹೊರತು ಬೆಂಕಿ ಬರುವುದಿಲ್ಲ. ಅಂಥ ಥಂಡಿಯಲ್ಲಿ ಮೋಟಾರಿನ ವೈಂಡಿಂಗ್ ಒಳಗೆ ಪಸೆ ಕೂರುತ್ತದೆ, ಕಾರ್ಬನ್ ಬ್ರಶ್ಶು ತನ್ನ ಗೂಡಿನಲ್ಲೇ ಸಿಕ್ಕಿಕೊಳ್ಳುತ್ತದೆ. ಮನೆಯಾಕೆ ನಾಲ್ಕು ಬೈದು ಮಿಕ್ಸಿಯನ್ನು ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ, ಹಸಿ ಸೌದೆ ಮತ್ತು ಕಂಬಳಿ ಒಣಗುವ ಜಾಗಕ್ಕೆ, ತಳ್ಳುತ್ತಾಳೆ. ಪೇಟೆಯ ದೊಡ್ಡ ವರ್ಕ್‌ಶಾಪಿನವರು ಪಸೆ ಹಿಡಿದ ಮೋಟಾರನ್ನು ಓವನ್ನಿನಲ್ಲಿಟ್ಟು ಒಣಗಿಸಿ ಬಿಲ್ಲು ಹರಿಯುತ್ತಾರೆ. ನಮ್ಮ ಬಚ್ಚಲೊಲೆ ಅದೇ ಚಿಕಿತ್ಸೆಯನ್ನು ಆರಿದ್ರೆಯಿಂದ ಆಶ್ಲೇಷದವರೆಗೆ ಪುಕ್ಕಟೆ ಕೊಡುತ್ತದೆ, ಮೇಲೆ ಒಂದಿಷ್ಟು ಮಸಿ ಕೊಸರು. ಚೌತಿಯ ಹೊತ್ತಿಗೆ ಪಾತ್ರೆ ಹುಡುಕಲು ಅಟ್ಟ ಹತ್ತಿದವರು ಮಿಕ್ಸಿಯನ್ನೂ ಇಳಿಸುತ್ತಾರೆ. ಓಡುತ್ತದೆ. ಗಣಪತಿಗೆ ಎರಡು ಕಾಯಿ ಹೆಚ್ಚು.

ಇನ್ನು ಕೆಂಪು ಬಟನ್ನಿನ ವಿಚಾರ. ಬಹುತೇಕ ಮಿಕ್ಸಿಗಳ ತಳದಲ್ಲಿ ಒಂದು ಸಣ್ಣ ಬಟನ್ ಇರುತ್ತದೆ. ದೋಸೆಗೆ ಗಟ್ಟಿಯಾಗಿ ರುಬ್ಬುವಾಗ ಮೋಟಾರಿಗೆ ಹೊರೆಯಾದರೆ ಅದು ತಾನೇ ಹೊರಗೆ ನೆಗೆದು ಕರೆಂಟು ಕಡಿಯುತ್ತದೆ. ಸ್ವಲ್ಪ ಹೊತ್ತು ಆರಲು ಬಿಟ್ಟು ಮತ್ತೆ ಒತ್ತಿದರಾಯಿತು. ಆದರೆ ಮಿಕ್ಸಿಯನ್ನು ಮಗುಚಿ ನೋಡುವ ಸಂಪ್ರದಾಯ ನಮ್ಮಲ್ಲಿಲ್ಲ. ಅದನ್ನು ಚೀಲಕ್ಕೆ ಹಾಕಿ ಪೇಟೆಗೆ ಒಯ್ಯುತ್ತೇವೆ. ರಿಪೇರಿಯವನು ನಮ್ಮನ್ನು ಚಾ ಕುಡಿಯಲು ಕಳಿಸಿ, ನಾವು ಬೆನ್ನು ತಿರುಗಿಸಿದ ಮೇಲೆ ಬಟನ್ ಒತ್ತುತ್ತಾನೆ.

‘ಎಂತಾ ಆಗಿತ್ತು ಮಾರಾಯಾ?’

‘ಕಾಯಿಲ್ ಸ್ವಲ್ಪ ವೀಕ್ ಇತ್ತು ಭಟ್ರೇ. ಈಗ ಅಡ್ಡಿಲ್ಲ. ಆದ್ರೆ ಉದ್ದಿನಬೇಳೆ ಜಾಸ್ತಿ ನೆನೆಸಿ ಹಾಕಿ.’

ಬಟನ್ನಿಗೆ ದುಡ್ಡು ಹುಟ್ಟುವುದಿಲ್ಲ, ಕಾಯಿಲ್ಲಿಗೆ ಹುಟ್ಟುತ್ತದೆ. ಅವನ ಸಲಹೆ ಮಾತ್ರ ನೂರಕ್ಕೆ ನೂರು ಸರಿ, ಅದನ್ನು ಒಪ್ಪಲೇಬೇಕು.

ಹಳೆಯ ಡಬ್ಬಾ ಟಿವಿಗಳ ಕಾಲದಲ್ಲಿ ನಮ್ಮ ರಸ್ತೆಗಳೂ ಮೆಕ್ಯಾನಿಕ್ಕುಗಳ ಸಾಲಿನಲ್ಲಿದ್ದವು. ಟಿವಿಯೊಳಗೆ ಬೆಸುಗೆ ಬಿರುಕು ಬಿಟ್ಟು ಚಿತ್ರ ಹೋಗಿರುತ್ತಿತ್ತು. ಅದನ್ನು ಕಂಬಳಿಯಲ್ಲಿ ಸುತ್ತಿ, ಜೀಪಿನ ಹಿಂದಿನ ಸೀಟಿಗೆ ಕಟ್ಟಿ, ನಗರದಿಂದ ಹೊಸನಗರ ಪೇಟೆಗೆ ತರುವಷ್ಟರಲ್ಲಿ ಹೊಂಡಗಳ ಹೊಡೆತಕ್ಕೆ ಬಿಟ್ಟ ಬೆಸುಗೆ ಮತ್ತೆ ತಾಗಿರುತ್ತಿತ್ತು. ಅಂಗಡಿಯಲ್ಲಿ ಪ್ಲಗ್ ಹಾಕಿದರೆ ಚಿತ್ರ ಝಗಮಗ. ‘ಸರೀ ಇದೆಯಲ್ರೀ’ ಎಂದು ರಿಪೇರಿಯವನು ನಮ್ಮನ್ನೇ ಮೇಲಿಂದ ಕೆಳಗೆ ನೋಡುತ್ತಿದ್ದ. ಅದೇ ರಸ್ತೆಯಲ್ಲಿ ವಾಪಸು ಒಯ್ದರೆ ಮನೆಯಲ್ಲಿ ಮತ್ತೆ ಮಾತು ಮಾತ್ರ. ರಸ್ತೆಗೆ ಡಾಂಬರು ಬಿದ್ದ ಮೇಲೆ ಈ ಸೌಲಭ್ಯವೂ ಹೋಗುತ್ತಿತ್ತು. ಪುಣ್ಯಕ್ಕೆ ಆ ಡಾಂಬರು ಮುಂದಿನ ಮಳೆಗಾಲ ದಾಟುತ್ತಿರಲಿಲ್ಲ.

ಹೊಸ ವಸ್ತು ಬಂದ ದಿನವೇ ಹಳೆಯದು ಜೀವ ಹಿಡಿಯುವುದನ್ನು ಹೊಟ್ಟೆಕಿಚ್ಚು ಎನ್ನುವವರಿದ್ದಾರೆ. ಅಷ್ಟೆಲ್ಲ ಇಲ್ಲ. ಹೊಸ ಫ್ರಿಜ್ಜು ಬಂತೆಂದರೆ ಅದರ ಗೌರವಕ್ಕೆ ವೈರಿಂಗಿನವನನ್ನು ಕರೆಸುತ್ತೇವೆ. ಅವನು ಗೋಡೆಯ ಬೋರ್ಡು ಬಿಚ್ಚಿ, ಒಳಗೆ ಸಂಸಾರ ಹೂಡಿದ್ದ ಇರುವೆ ಗೂಡು ಕೊಡವಿ, ಕಪ್ಪಗಾದ ವೈರಿನ ತುದಿ ಕೆರೆದು, ಸಡಿಲವಾದ ಸ್ಕ್ರೂ ಬಿಗಿ ಮಾಡುತ್ತಾನೆ. ಹಳೆಯ ಫ್ರಿಜ್ಜಿನ ರೋಗ ಮೊದಲಿನಿಂದಲೂ ಆ ಬೋರ್ಡಿನಲ್ಲಿತ್ತು. ಎಕ್ಸ್‌ಚೇಂಜಿಗೆ ಜುಜುಬಿ ರೇಟು ಕಟ್ಟಿ ಸಾಗಿಸಿದ ಅಂಗಡಿಯವನ ಗೋಡೌನಿನಲ್ಲಿ ಅದು ಈಗ ತಣ್ಣಗೆ ಓಡುತ್ತಿದೆ.

ಇವೆಲ್ಲ ಸಣ್ಣ ಪವಾಡಗಳು. ದೊಡ್ಡದನ್ನು ನೋಡಬೇಕಾದರೆ ಮಂತ್ರಿಗಳು ಬರುವ ದಿನ ಬರಬೇಕು.

ಎರಡು ದಿನ ಮೊದಲೇ ಲೈನಿನ ಉದ್ದಕ್ಕೂ ಜಂಗಲ್ ಕಟಿಂಗ್ ಆಗುತ್ತದೆ. ತಂತಿಗೆ ಒರಗಿಕೊಂಡೇ ಬೆಳೆದಿದ್ದ ಅಕೇಶಿಯಾ ಕೊಂಬೆಗಳು ಉರುಳುತ್ತವೆ. ಟಿಸಿಯ ಸುಟ್ಟ ಫ್ಯೂಸಿನ ಜಾಗದಲ್ಲಿ ನಾವೇ ಸುತ್ತಿದ್ದ ತಂತಿ ಹೋಗಿ ನಿಜವಾದ ಫ್ಯೂಸು ಬರುತ್ತದೆ. ಆ ದಿನ ಬೆಳಗಾಗೆದ್ದರೆ ನಮ್ಮ ಸ್ಟೆಬಿಲೈಸರಿನ ಮುಳ್ಳು 230ರ ಮೇಲೆ ನಿಂತಿರುತ್ತದೆ. ಮುಳ್ಳೇ ಕೆಟ್ಟಿದೆ ಎಂದುಕೊಂಡು ನಾವು ಸ್ಟೆಬಿಲೈಸರಿನ ತಲೆಗೆ ಎರಡು ಬಾರಿಸುತ್ತೇವೆ. ಅಷ್ಟರಲ್ಲಿ ಅಡುಗೆಮನೆಯ ಫ್ರಿಜ್ಜು ಗುರ್ರೆಂದು, ಟಕ್ಕೆನ್ನದೆ, ಓಡಲು ಶುರುಮಾಡುತ್ತದೆ. ಟ್ಯೂಬ್‌ಲೈಟು ಕಣ್ಣು ಹೊಡೆಯದೆ ಹತ್ತುತ್ತದೆ. ಫ್ಯಾನಿಗೆ ಮೂರು ರೆಕ್ಕೆ ಇರುವುದು ಕಾಣದಷ್ಟು ಜೋರು ತಿರುಗುತ್ತದೆ. ಕೇರಿಗೆ ಕೇರಿಯೇ ಅಟ್ಟದಿಂದ ಸಾಮಾನು ಇಳಿಸುತ್ತದೆ. ಮಂತ್ರಿಗಳು ಭಾಷಣ ಮುಗಿಸಿ ಘಟ್ಟ ಇಳಿದರೋ, ಸಂಜೆಗೆ ಮುಳ್ಳು ಮತ್ತೆ ತನ್ನ ಹಳೆಯ ಜಾಗಕ್ಕೆ ಬಂದು ಒರಗುತ್ತದೆ.

ಇದರ ಗುಟ್ಟು ಸರಳ. 230 ವೋಲ್ಟ್ ಇರಬೇಕಾದಲ್ಲಿ 160 ಬಂದರೆ ಮೋಟಾರು ಹೊರಡುವಾಗಿನ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಂಪ್ರೆಸರು ಹೊರಡಲು ತಿಣುಕುತ್ತದೆ, ಕಾಯುತ್ತದೆ, ಸುಟ್ಟುಹೋಗದಿರಲೆಂದು ಇಟ್ಟ ರಿಲೇ ಟಕ್ಕೆಂದು ಕಡಿಯುತ್ತದೆ. ಬೇಸಿಗೆಯಲ್ಲಿ ಅಡಿಕೆ ತೋಟದ ಪಂಪುಗಳೆಲ್ಲ ಒಟ್ಟಿಗೆ ಬಾಯಿ ತೆರೆದಾಗ, ಗುಡ್ಡದಾಚೆಯ ಒಂಟಿಮನೆಗೆ ಮೈಲಿಗಟ್ಟಲೆ ಎಳೆದ ತಂತಿಯ ಕೊನೆಯಲ್ಲಿ ಉಳಿಯುವುದು ಅಷ್ಟೇ. ಫ್ರಿಜ್ಜಿಗೆ ಯಾವ ಕಾಯಿಲೆಯೂ ಇರಲಿಲ್ಲ, ಹೊಟ್ಟೆಗೆ ಇರಲಿಲ್ಲ ಅಷ್ಟೆ. ಒಂದು ಮಾತು ಹೇಳಬೇಕು: 2023ರಿಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಪುಕ್ಕಟೆ. ನಿಂತ ಫ್ರಿಜ್ಜು ಯೂನಿಟ್ ತಿನ್ನುವುದಿಲ್ಲವಾದ್ದರಿಂದ ನಮ್ಮ ಬಿಲ್ಲು ಯಾವತ್ತೂ ಸೊನ್ನೆ. ಯೋಜನೆ ಇಷ್ಟು ಚೆನ್ನಾಗಿ ಜಾರಿಯಾದ ತಾಲ್ಲೂಕು ಬೇರೆ ಇರಲಾರದು.

ಕರೆಂಟು ಹುಟ್ಟದ ಊರಾದರೆ ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಶರಾವತಿ ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟಿ ನಮ್ಮ ತಾಲ್ಲೂಕಿನಲ್ಲಿ ಹಾದು ಲಿಂಗನಮಕ್ಕಿಯಲ್ಲಿ ನಿಲ್ಲುತ್ತಾಳೆ. 1964ರ ಆ ಅಣೆಕಟ್ಟಿಗೆ ಸಾಗರ, ಹೊಸನಗರದ ಎಷ್ಟೋ ಊರು ಮುಳುಗಿದವು. ಅದರ ನೀರಿನಿಂದ ಶರಾವತಿ ವಿದ್ಯುದಾಗಾರ 1035 ಮೆಗಾವಾಟ್ ತೆಗೆಯಬಲ್ಲದು. ಚಕ್ರಾ, ಸಾವೇಹಕ್ಲು ನಮ್ಮಲ್ಲೇ ಕಟ್ಟಿದ್ದು, ಅವುಗಳ ನೀರೂ ಅತ್ತಲೇ ಹರಿಯುತ್ತದೆ. ಮಾಣಿ ಅಣೆಕಟ್ಟು ನಮ್ಮದು, ಆ ನೀರು ಘಟ್ಟದ ಹೊಟ್ಟೆಯೊಳಗೆ ಇಳಿದು ಹೊಸಂಗಡಿಯಲ್ಲಿ 460 ಮೆಗಾವಾಟ್ ಕೊಡಬಲ್ಲದು. ಇಷ್ಟು ಕರೆಂಟು ನಮ್ಮ ತಲೆಯ ಮೇಲೆ ದೊಡ್ಡ ಟವರುಗಳಲ್ಲಿ ಗುಂಯ್‌ಗುಡುತ್ತ ಬೆಂಗಳೂರಿನ ಕಡೆ ಹೋಗುತ್ತದೆ. ನಾವು ಕೆಳಗೆ ನಿಂತು ಮೊಬೈಲಿನ ಚಾರ್ಜು ನೋಡಿಕೊಳ್ಳುತ್ತೇವೆ.

ಹಳೆಯ ಯಂತ್ರ ಮತ್ತೆ ಸರಿಯಾಗಿ ಓಡುವುದು ಪವಾಡವೇನಲ್ಲ ಎನ್ನುವುದಕ್ಕೆ ಜೋಗದ ಕೆಳಗೇ ಸಾಕ್ಷಿಯಿದೆ. ಅಲ್ಲಿನ ಮಹಾತ್ಮ ಗಾಂಧಿ ಜಲವಿದ್ಯುದಾಗಾರ 1948ರದ್ದು. ಮೊದಲಿಗೆ 120 ಮೆಗಾವಾಟಿನದ್ದು, ಯಂತ್ರಗಳನ್ನು ನವೀಕರಿಸಿದ ಮೇಲೆ 139.2. ಮುದಿ ಯಂತ್ರ ಪ್ರಾಯದಲ್ಲಿದ್ದಾಗಿಗಿಂತ ಹೆಚ್ಚು ದುಡಿಯುತ್ತದೆ, ಏಕೆಂದರೆ ಅದಕ್ಕೆ ಬೇಕಾದ್ದನ್ನು ಹೊತ್ತಿಗೆ ಸರಿಯಾಗಿ ಕೊಟ್ಟರು. ಆ ಕೇಂದ್ರಕ್ಕೆ ಮೊದಲು ನೀರುಣಿಸಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿನ ಕಥೆ ಬೇರೆ. ಲಿಂಗನಮಕ್ಕಿ ಬಂದು ಅದನ್ನೇ ನುಂಗಿತು. ಹಿನ್ನೀರು ತೀರಾ ಇಳಿದ ಬೇಸಿಗೆಯಲ್ಲಿ ಮೇಲೆದ್ದು ಕಾಣುತ್ತದೆ, ಗಟ್ಟಿಮುಟ್ಟಾಗಿ. ಎಕ್ಸ್‌ಚೇಂಜ್ ಆಫರಿನಲ್ಲಿ ಹೋದ ಮೊದಲ ಅಣೆಕಟ್ಟು ಅದೇ ಇರಬೇಕು.

ಈಗ ಶರಾವತಿಯಲ್ಲಿ ಹಳೆಯ ಸಾಮಾನನ್ನು ಹೊಸದಾಗಿ ಓಡಿಸುವ ಇನ್ನೊಂದು ಯೋಜನೆ ಬಂದಿದೆ. ಅದಕ್ಕೆ ಪಂಪ್ಡ್ ಸ್ಟೋರೇಜ್ ಎನ್ನುತ್ತಾರೆ, 2000 ಮೆಗಾವಾಟ್. ಮೇಲೆ ತಳಕಳಲೆ, ಕೆಳಗೆ ಗೇರುಸೊಪ್ಪ, ಎರಡೂ ಇರುವ ಜಲಾಶಯಗಳೇ. ಬೇಕಾದ ಹೊತ್ತಿನಲ್ಲಿ ನೀರು ಕೆಳಗೆ ಬಿಟ್ಟು ಕರೆಂಟು ತೆಗೆಯುವುದು, ಆಮೇಲೆ ಅದೇ ನೀರನ್ನು ಪಂಪು ಮಾಡಿ ಮೇಲಕ್ಕೆ ಹತ್ತಿಸುವುದು. ಹತ್ತಿಸಲು ಬೇಕಾಗುವ ಕರೆಂಟು ಇಳಿಸಿ ತೆಗೆಯುವುದಕ್ಕಿಂತ ಜಾಸ್ತಿ. ಸಿಂಗಳೀಕಗಳ ಕಾಡಿನಲ್ಲಿ ಸುರಂಗ ಬೇಡವೆಂದು ಇಲ್ಲಿನ ಜನ, ಪರಿಸರದವರು ಗಲಾಟೆ ಮಾಡಿದರು. ಆ ವಾದ ಅವರಿಗಿರಲಿ, ನನ್ನ ಸಂಶಯ ಬಡ ಸಂಶಯ. ನಷ್ಟದ ವ್ಯಾಪಾರವಲ್ಲವೇ ಎಂದರೆ ಬಲ್ಲವರು ನಗುತ್ತಾರೆ. ಪಂಪು ಮಾಡುವುದು ಹೆಚ್ಚುವರಿ ಕರೆಂಟಿನಲ್ಲಿ, ಯಾರಿಗೂ ಬೇಡವಾಗಿ ಉಳಿದದ್ದರಲ್ಲಿ, ಎಂದು ವಿವರಿಸುತ್ತಾರೆ.

ಯಾರಿಗೂ ಬೇಡವಾದ ಆ ಹೆಚ್ಚುವರಿ ಕರೆಂಟು ದಿನದ ಯಾವ ಹೊತ್ತಿನಲ್ಲಿ, ಯಾವ ಕಂಬದಲ್ಲಿ ಸಿಗುತ್ತದೆ ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು. ಫ್ರಿಜ್ಜಿನ ಬಾಗಿಲು ಒರೆಸಿ ಇಟ್ಟಿದ್ದೇವೆ. ವೈರು ಸಾಲದಿದ್ದರೆ ಎಕ್ಸ್‌ಟೆನ್ಷನ್ ಬಾಕ್ಸಿದೆ, ಮೊನ್ನೆಯಿಂದ ಅದೂ ಸರಿಯಾಗಿದೆ.