ಬಿಗಿಯೋದು ಸುಲಭ, ಬಿಚ್ಚೋದೇ ವಿದ್ಯೆ

ಮೇಷ್ಟ್ರೇ, ತಡೀರಿ! ಆ ಪಾನದ ಮೇಲೆ ಕಾಲಿಟ್ಟು ಹತ್ತಬೇಡಿ. ಮಾಮೂಲಿ ನಟ್ಟಾಗಿದ್ರೆ ನಾನೂ ಸುಮ್ಮನಿರ್ತಿದ್ದೆ. ನೀವು ಪಾನ ಕೂರಿಸಿರೋದು ಲಾಕ್ ನಟ್ಟಿನ ಮೇಲೆ. ಒಂದ್ಸಲ ಅದರ ಕೀ ಜಾರಿ ಗೆರೆ ಸವೆದುಹೋದ್ರೆ ಮುಗೀತು, ಆಮೇಲೆ ಆ ನಟ್ಟನ್ನ ಹಾಳು ಮಾಡಿಯೇ ತೆಗೀಬೇಕು. ಹೀಗೆ ಕಾಂಪೌಂಡ್ ಹತ್ರ ಬನ್ನಿ, ಸ್ವಲ್ಪ ಮಾತಾಡಿ ಆಮೇಲೆ ಕೈ ಹಾಕೋಣ.

ನಿಮ್ಮ ಅಳಿಯಂದಿರು ಈ ನಟ್ಟು ಹಾಕಿಸಿದ್ದು ತಪ್ಪೇನಲ್ಲ. ಅಲಾಯ್ ಚಕ್ರಕ್ಕೆ ದುಡ್ಡು ಜಾಸ್ತಿ. ರಾತ್ರಿ ರಸ್ತೆ ಬದಿ ನಿಲ್ಲಿಸಿದ ಕಾರನ್ನ ಕಲ್ಲಿನ ಮೇಲೆ ಕೂರಿಸಿ ಚಕ್ರ ಹೊತ್ಕೊಂಡು ಹೋಗೋ ಕಳ್ಳರಿದ್ದಾರೆ. ಅದಕ್ಕೇ ಪ್ರತಿ ಚಕ್ರದಲ್ಲೂ ಒಂದು ನಟ್ಟು ಬೇರೆ ಥರದ್ದು. ಸರಿಯಾಗಿ ನೋಡಿ, ಇದಕ್ಕೆ ಆರು ಮೂಲೆ ಇಲ್ಲ. ತಲೆ ಗುಂಡಗಿದೆ, ಅದರ ಮೇಲೆ ಅಂಕುಡೊಂಕಾಗಿ ಒಂದು ಗೆರೆ ಕೊರೆದಿದ್ದಾರೆ. ಕೀಯಲ್ಲಿ ಅದಕ್ಕೆ ಸರಿಯಾಗಿ ಕೂರೋ ಏಣು ಇದೆ. ಆ ಗೆರೆಯ ಆಳ ಕೆಲವೇ ಮಿಲಿಮೀಟರ್. ನೀವು ಹಾಕೋ ಜೋರೆಲ್ಲ ಅಷ್ಟು ಸಣ್ಣ ಜಾಗದ ಮೇಲೆ ಬೀಳುತ್ತೆ.

ಕಚ್ಚಿಕೊಂಡಿದ್ದು ಯಾಕೆ ಅಂತೀರಾ? ಮುಕ್ಕಾಲು ಪಾಲು ಟೈರ್ ಅಂಗಡಿಯ ನಟ್ಟು ಬಿಗಿಯೋ ಗನ್ನಿನಿಂದ. ನಮ್ಮ ಸಾಮಾನ್ಯ ಕಾರುಗಳ ಚಕ್ರದ ನಟ್ಟಿಗೆ ಬೇಕಾಗಿರೋ ಬಿಗಿ ಸುಮಾರು 85ರಿಂದ 130 ನ್ಯೂಟನ್ ಮೀಟರ್. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತೆ. ಅರ್ಧ ಮೀಟರ್ ರಾಡಿನ ತುದಿಗೆ 20 ಕೆಜಿ ತೂಕ ತೂಗುಹಾಕಿದ್ರೆ ಹತ್ತಿರ ಹತ್ತಿರ 100 ಆಗುತ್ತೆ, ಅಷ್ಟೇ. 70 ಕೆಜಿ ಇರೋ ಮನುಷ್ಯ ಒಂದಡಿ ಪಾನದ ತುದೀಲಿ ನಿಂತ್ರೆ 200 ದಾಟ್ತು. ಗನ್ನು ಇನ್ನೂ ಮೇಲಕ್ಕೆ ಹೋಗುತ್ತೆ. ಹುಡುಗ ಟರ್ರ್ ಅನ್ನಿಸಿ ಮುಂದಿನ ಚಕ್ರಕ್ಕೆ ಹೋಗ್ತಾನೆ, ಇಲ್ಲಿ ನಟ್ಟು ಅಲಾಯ್ ಒಳಗೆ ಒತ್ತಿ ಕೂತಿರುತ್ತೆ. ಅದರ ಮೇಲೆ ಎರಡು ಮಳೆಗಾಲ ಕಳೆದ್ರೆ ತುಕ್ಕೂ ಸೇರಿಕೊಳ್ಳುತ್ತೆ. ಅಲ್ಯೂಮಿನಿಯಂ, ಉಕ್ಕು ಎರಡೂ ಒದ್ದೆಯಲ್ಲಿ ಒಟ್ಟಿಗಿದ್ರೆ ಸವೆತ ಬೇಗ. ಮಂಗಳೂರು, ಉಡುಪಿ ಕಡೆ ಉಪ್ಪುಗಾಳಿಗೆ ಇನ್ನೂ ಬೇಗ.

ಈಗ ಬಿಚ್ಚೋ ಕ್ರಮ ಕೇಳಿ. ಮೊದಲು ಜಾಕಿ ಇಳಿಸಿ. ಚಕ್ರ ನೆಲದ ಮೇಲೇ ಇರಬೇಕು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ಬೇರೆ ಚಕ್ರಕ್ಕೆ ಕಲ್ಲು ಕೊಟ್ಟಿರಬೇಕು. ಆಮೇಲೆ ಒಂದು ಸೂಜಿಯೋ ಹಳೇ ಹಲ್ಲುಜ್ಜೋ ಬ್ರಷ್ಷೋ ತಗೊಂಡು ಆ ಗೆರೆಯೊಳಗಿನ ಮಣ್ಣು, ಬ್ರೇಕಿನ ಕಪ್ಪು ಪುಡಿ ಎಲ್ಲ ಕೆರೆದು ತೆಗೀರಿ. ಕೀ ಪೂರ್ತಿ ಒಳಗೆ ಕೂರದೇ ಇದ್ರೆ ಜಾರೋದು ಖಂಡಿತ. ಸುತ್ತಿಗೆಯಿಂದ ಮೆಲ್ಲಗೆ ಎರಡು ತಟ್ಟಿ, ಟಣ್ ಅನ್ನೋ ಗಟ್ಟಿ ಸದ್ದು ಬಂದ್ರೆ ಕೂತಿದೆ ಅಂತ ಲೆಕ್ಕ. ನೀವು ಆಗಲೇ ಬೇರೆ ನಟ್ಟೆಲ್ಲ ಸಡಿಲ ಮಾಡಿದ್ದೀರಲ್ಲ, ಅವನ್ನ ವಾಪಸ್ ಬಿಗಿ ಮಾಡಿ. ಹೌದು, ಬಿಗಿ ಮಾಡಿ ಅಂತಲೇ ಅಂದೆ. ಅವು ಸಡಿಲ ಇದ್ರೆ ಚಕ್ರದ ಭಾರವೆಲ್ಲ ಈ ಒಂದು ನಟ್ಟಿನ ಮೇಲೆ ಬೀಳುತ್ತೆ. ಅದಕ್ಕೇ ಲಾಕ್ ನಟ್ಟನ್ನ ಎಲ್ಲಕ್ಕಿಂತ ಮೊದಲು ಬಿಚ್ಚಬೇಕು, ಎಲ್ಲಕ್ಕಿಂತ ಕೊನೆಗೆ ಬಿಗೀಬೇಕು.

ಕುಳ್ಳ ಪಾನ ಬಿಟ್ಟು ಉದ್ದ ರಾಡ್ ಹಾಕಿ. ಎಡಗೈಯಿಂದ ಕೀಯ ತಲೆ ಒತ್ತಿ ನೇರ ಹಿಡೀರಿ. ಮೊದಲು ಬಿಗಿಯೋ ಕಡೆಗೇ ಕೂದಲೆಳೆಯಷ್ಟು ಅದುಮಿ, ತುಕ್ಕಿನ ಹಿಡಿತ ಬಿಡುತ್ತೆ. ಆಮೇಲೆ ಬಿಚ್ಚೋ ಕಡೆಗೆ ನಿಧಾನಕ್ಕೆ ಭಾರ ಬಿಡಿ. ಒದೆಯೋದು, ಜಗ್ಗೋದು, ಎರಡೂ ಬೇಡ. ‘ಟಕ್’ ಅಂತ ಒಂದು ಸದ್ದು ಬರುತ್ತೆ. ಆಗ ಬಿಟ್ಟುಕೊಡ್ತು ಅಂತ ಅರ್ಥ.

ಎಣ್ಣೆ ಬಿಡೋದಾ? ಬಿಡಬಹುದು, ಆದರೆ ಬರೀ ಅದನ್ನೇ ನಂಬಬೇಡಿ. ಈ ನಟ್ಟಿನ ಮೂತಿ ಮುಚ್ಚಿದೆ, ಎದುರಿನಿಂದ ಎಷ್ಟು ಹೊಯ್ದರೂ ಒಳಗಿನ ಮರೆಗೆ, ಅಂದ್ರೆ ಥ್ರೆಡ್ಡಿಗೆ, ಇಳಿಯಲ್ಲ. ನಟ್ಟು ಚಕ್ರಕ್ಕೆ ತಾಗಿರೋ ಅಂಚಿಗೆ ಸ್ವಲ್ಪ ಬಿಟ್ಟು ಅರ್ಧ ಗಂಟೆ ಕಾಯಿರಿ. ಬ್ರೇಕ್ ಡಿಸ್ಕಿನ ಮೇಲೆ ಒಂದು ಹನಿಯೂ ಬೀಳಬಾರದು, ಬಿದ್ರೆ ಬ್ರೇಕು ಹಿಡಿಯಲ್ಲ. ಬೆಂಕಿ ಹಿಡಿದು ಕಾಯಿಸೋ ಯೋಚನೆ ಮಾತ್ರ ಯಾರು ಹೇಳಿದ್ರೂ ಬೇಡ. ಅಲಾಯ್ ಶಕ್ತಿ ಕಳ್ಕೊಳ್ಳುತ್ತೆ, ಗಾಳಿ ತುಂಬಿದ ಟೈರು ಸಿಡಿದ್ರೆ ಪಕ್ಕದಲ್ಲಿರೋರ ಪ್ರಾಣಕ್ಕೇ ಸಂಚಕಾರ.

ಅಕಸ್ಮಾತ್ ಗೆರೆ ಸವೆದೇಹೋಯ್ತು ಅನ್ನಿ, ಆಗಲೂ ದಾರಿ ಇದೆ. ಎಕ್ಸ್‌ಟ್ರಾಕ್ಟರ್ ಸಾಕೆಟ್ ಅಂತ ಬರುತ್ತೆ, ಒಳಗೆ ಓರೆಯಾಗಿ ಸುತ್ತಿಕೊಂಡ ಚೂಪು ಹಲ್ಲುಗಳು. ನಟ್ಟಿಗಿಂತ ಒಂದು ಕೂದಲು ಕಿರಿದಾದದ್ದನ್ನ ಆರಿಸಿ ಸುತ್ತಿಗೆಯಿಂದ ಬಡಿದು ಕೂರಿಸ್ತಾರೆ. ಬಿಚ್ಚೋ ಕಡೆ ತಿರುಗಿಸಿದಷ್ಟೂ ಹಲ್ಲು ಉಕ್ಕಿಗೆ ಇಳೀತಾ ಹೋಗುತ್ತೆ. ಹೊರಗೆ ಬಂದ ನಟ್ಟಿನ ಮೈ ನೋಡಬೇಕು ನೀವು, ಸುತ್ತಲೂ ಹೊಳೆಯೋ ಓರೆ ಗಾಯ. ಕೆಲವು ನಟ್ಟಿಗೆ ಸುಮ್ಮನೆ ಸುತ್ತೋ ಹೊರಬಳೆ ಇರುತ್ತೆ. ಅದನ್ನ ಮೊದಲು ಚಾಣದಿಂದ ಸೀಳಬೇಕು, ಇಲ್ಲಾಂದ್ರೆ ಸಾಕೆಟ್ ಬಳೆಯನ್ನಷ್ಟೇ ತಿರುಗಿಸುತ್ತೆ. ಅದು ಕೈ ಪಳಗಿದವರ ಕೆಲಸ, ಅವರಿಗೇ ಬಿಡಿ.

ನಟ್ಟು ಬಂದ ಮೇಲೆ ತಂತಿ ಬ್ರಷ್‌ನಿಂದ ಮರೆ ಉಜ್ಜಿ, ಎಣ್ಣೆ ಒರೆಸಿ ಒಣಗಿಸಿ. ಜಿಡ್ಡಿದ್ರೆ ಅದೇ ಜೋರಿಗೆ ಸ್ಟಡ್ ಮೇಲೆ ಎಳೆತ ಹೆಚ್ಚಾಗುತ್ತೆ. ಒಂದಾದ ಮೇಲೆ ಎದುರಿನದ್ದು ಅನ್ನೋ ಹಾಗೆ ಬಿಗಿ ಮಾಡಿ, ಕೊನೇ ಸುತ್ತು ಟಾರ್ಕ್ ರೆಂಚಿನಲ್ಲೇ ಆಗಲಿ. ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿ. ಟೈರ್ ಅಂಗಡಿಯಲ್ಲೂ ಸಂಕೋಚ ಬೇಡ, ‘ಲಾಕ್ ನಟ್ಟಿಗೆ ಗನ್ ಹಾಕಬೇಡಪ್ಪಾ, ಕೈಯಲ್ಲೇ ಬಿಗಿ’ ಅಂತ ನಿಂತು ಹೇಳಿ. ಕೀ ವಾಪಸ್ ಡಿಕ್ಕಿಗೆ ಬಂತಾ ನೋಡಿಕೊಂಡೇ ಹೊರಡಿ. ಕೀ ಜೊತೆ ಬಂದ ಚೀಟಿಯಲ್ಲಿ ಒಂದು ನಂಬರ್ ಇರುತ್ತೆ, ಆರ್‌ಸಿ ಜೊತೆ ಇಟ್ಟಿರಿ. ಕೀ ಕಳೆದ್ರೆ ಆ ನಂಬರ್ ಕೊಟ್ಟು ಇನ್ನೊಂದು ತರಿಸಬಹುದು.

ಮುಖ್ಯವಾದ ಮಾತು ಇದು. ನಿಮ್ಮ ಮಗಳು ಇದೇ ಕಾರಲ್ಲಿ ಒಬ್ಬಳೇ ಹಾಸನಕ್ಕೆ ಓಡಾಡ್ತಾಳೆ. ದಾರೀಲಿ ಪಂಕ್ಚರ್ ಎಲ್ಲಾದ್ರೂ ಆಗಬಹುದು. ಅವಳ ಕೈಗೆ ಬಗ್ಗದಷ್ಟು ಬಿಗಿಯಾದ ನಟ್ಟು ಕಳ್ಳನನ್ನ ತಡೆಯೋ ಹಾಗೇ ಅವಳನ್ನೂ ತಡೆಯುತ್ತೆ. ಆದ್ದರಿಂದ ಈ ಭಾನುವಾರ ಅವಳನ್ನೇ ಕೂರಿಸಿ, ನಾಲ್ಕೂ ಚಕ್ರದ ಲಾಕ್ ನಟ್ಟನ್ನ ಒಂದೊಂದಾಗಿ ಅವಳ ಕೈಯಲ್ಲೇ ಬಿಚ್ಚಿಸಿ, ಬಿಗಿ ಮಾಡಿಸಿ. ಟಾರ್ಕ್ ರೆಂಚ್ ನಾನು ಕೊಡ್ತೀನಿ.