ಅಂಚುಸಿಡಿ ಬಂದೂಕಿನ ವಿಶ್ವಾಸಾರ್ಹತೆ: ಕೃಷ್ಣಾ-ಘಟಪ್ರಭೆಯರ ನಡುವಿನ ಒಂದು ಶಾಸ್ತ್ರೀಯ ಜಿಜ್ಞಾಸೆ

ವಿಷಯ: ಪಾಯಿಂಟ್ ಟೂ ಟೂ ಅರೆ-ಸ್ವಯಂಚಾಲಿತ ರೈಫಲ್ಲು. ಅಧಿಕಾರಿ: ಕಬ್ಬು ಬೆಳೆದು ಕಾಡಹಂದಿಗೆ ಉಣಿಸಿದ ಯಾವ ರೈತನಾದರೂ. ಪ್ರಯೋಜನ: ಪ್ರಬಂಧ ಮುಗಿಯುವವರೆಗೆ ತಿಳಿಯತಕ್ಕದ್ದಲ್ಲ. ಇಂಥ ರೈಫಲ್ಲನ್ನು ಕರ್ತೃವು ಜಮಖಂಡಿಯಲ್ಲಾಗಲಿ ಬೀಳಗಿಯಲ್ಲಾಗಲಿ ಕಂಡಿಲ್ಲ. ಎನ್‌ಸಿಸಿ ಹುಡುಗರು ಹೊಡೆಯುವ ಪಾಯಿಂಟ್ ಟೂ ಟೂ ಬೋಲ್ಟ್ ಎಳೆದು ಹೊಡೆಯುವಂಥದು, ಲಕ್ಷಣಕ್ಕೆ ಹೊರಗು. ಆದರೆ ವಸ್ತುವಿನ ಅಭಾವ ಶಾಸ್ತ್ರಕ್ಕೆ ಅಡ್ಡಿಯಲ್ಲ. ಮೊಲದ ಕೊಂಬಿನ ಮೇಲೆ ನಮ್ಮ ತಾರ್ಕಿಕರು ಎಷ್ಟು ತಲೆಮಾರು ವಾದ ಮಾಡಿದರು!

ಲಕ್ಷಣ ಹೀಗಿದೆ. ಈ ರೈಫಲ್ಲಿನ ಅಂಚುಸಿಡಿ (ರಿಮ್‌ಫೈರ್) ತೋಟಾದಲ್ಲಿ ಸಿಡಿಮದ್ದಿಗೆ ಪ್ರತ್ಯೇಕ ಟೋಪಿ ಇಲ್ಲ. ಹಸಿ ಮದ್ದನ್ನು ಹಾಕಿ ಗಿರ್ರನೆ ತಿರುಗಿಸಿದರೆ ಅದು ತಳದ ಟೊಳ್ಳು ಅಂಚಿಗೆ ಹೋಗಿ ಕೂರಬೇಕು. ಎಲ್ಲ ಕಡೆ ಸಮನಾಗಿ ಕೂತರೆ ಪುಣ್ಯ. ಒಂದು ಮೂಲೆ ಖಾಲಿ ಉಳಿದು ಮೊಳೆ ಅಲ್ಲಿಗೇ ಬಡಿದರೆ ಟಕ್ ಎಂಬ ಶಬ್ದವಷ್ಟೇ ಲಾಭ. ಅದೇ ತೋಟಾವನ್ನು ತುಸು ತಿರುಗಿಸಿ ಇಟ್ಟರೆ ಎಷ್ಟೋ ಸಲ ಸಿಡಿಯುತ್ತದೆ. ಹಂದಿ ಅಷ್ಟು ಹೊತ್ತು ಕಾಯಬೇಕು. ಇನ್ನು ಸಿಡಿದ ರಭಸವೇ ಬೋಲ್ಟನ್ನು ಹಿಂದಕ್ಕೆ ದೂಡಿ, ಖಾಲಿ ಚಿಪ್ಪನ್ನು ಎಸೆದು, ಹೊಸದನ್ನು ತುಂಬಬೇಕು. ಮದ್ದು ಸಪ್ಪೆಯಾದರೆ ಬೋಲ್ಟು ಅರ್ಧಕ್ಕೇ ನಿಲ್ಲುತ್ತದೆ. ಗುಂಡಿಗೆ ಸವರಿದ ಮೇಣ, ಸೀಸದ ಪುಡಿ, ಮಸಿ ಸೇರಿ ಒಳಗೆ ಅಂಟು ಕಟ್ಟುತ್ತದೆ. ಇದನ್ನೆಲ್ಲ ಬನಹಟ್ಟಿಯ ಪವರ್‌ಲೂಮ್ ಕಾಕಾ ಒಬ್ಬರಿಗೆ ವಿವರಿಸಿದಾಗ, ಮಗ್ಗದಿಂದ ಕಣ್ಣು ತೆಗೆಯದೆ, "ಲಾಳಿ ಹೋಗತೈತಿ, ಹೊಳ್ಳಿ ಬರೂದಿಲ್ಲ. ಎಣ್ಣಿ ಬಿಡ್ರಿ," ಎಂದರು. ಪಾಶ್ಚಾತ್ಯರ ಕೈಪಿಡಿಗಳೂ ಇದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ.

ಇಲ್ಲಿ ಪೂರ್ವಪಕ್ಷ. ಮುಧೋಳದವನಾದ ರನ್ನ ಯುದ್ಧಕಾವ್ಯ ಬರೆಯಲು ಹೊರಟಾಗ ಆರಿಸಿದ್ದು ಗದೆಯನ್ನು: ಬಿಡಿಭಾಗವಿಲ್ಲ, ತೇವಕ್ಕೆ ಹೆದರುವುದಿಲ್ಲ, ಸಿಕ್ಕಿಕೊಳ್ಳುವುದಿಲ್ಲ. ಭೀಮನ ಗುರಿ ತೊಡೆಗೆ ಬಿತ್ತೆಂಬ ಆಕ್ಷೇಪವಿದೆ. ಅದು ಆಯುಧದ ದೋಷವಲ್ಲ. ಎರಡನೆಯ ಪ್ರತಿವಾದಿ ಮುಧೋಳ ನಾಯಿ. ಒಂದು ಸೀಟಿಗೆ ಒಂದು ಓಟ, ಆದ್ದರಿಂದ ಅದೂ ಅರೆ-ಸ್ವಯಂಚಾಲಿತವೇ. ಸೈನ್ಯವೂ ಅದನ್ನು ಸೇರಿಸಿಕೊಂಡಿದೆ. ಆದರೆ ಅದು ಕಣ್ಣಿನಿಂದ ಬೇಟೆಯಾಡುವ ಪ್ರಾಣಿ, ಆಳೆತ್ತರದ ಕಬ್ಬಿನಲ್ಲಿ ಏನು ಕಂಡೀತು?

ಕಾಲನಿರ್ಣಯದಲ್ಲಿ ಒಂದು ವಿಚಿತ್ರವಿದೆ. ಅಮೆರಿಕದಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ಪಾಯಿಂಟ್ ಟೂ ಟೂ ತೋಟಾವನ್ನು ಮಾರುಕಟ್ಟೆಗೆ ತಂದದ್ದು 1857ರಲ್ಲಿ. ಅದೇ ವರ್ಷ ಕಂಪನಿ ಸರ್ಕಾರ, ಇದು ಬೇರೆ ಕಂಪನಿ, ನಿಶ್ಶಸ್ತ್ರೀಕರಣ ಕಾಯ್ದೆ ತಂದು ಮುಧೋಳ ಸೀಮೆಯ ಹಲಗಲಿಯಲ್ಲಿ ಆಯುಧ ಒಪ್ಪಿಸಿರೆಂದಿತು. ಅಲ್ಲಿನ ಬೇಡರು ಕೊಡಲಿಲ್ಲ. ನವೆಂಬರ್ ಕೊನೆಗೆ ದಂಡು ಬಂತು, ಊರು ಸುಟ್ಟಿತು, ಡಿಸೆಂಬರಿನಲ್ಲಿ ನೇಣುಗಂಬಗಳು ಎದ್ದವು. ಆ ಬಂಡಾಯದ ಲಾವಣಿ ಇಂದಿಗೂ ಈ ಸೀಮೆಯ ಬಾಯಲ್ಲಿದೆ. ಬೇಡರ ಕೈಯಲ್ಲಿದ್ದ ಬಂದೂಕುಗಳಿಗೆ ಎಷ್ಟು ಸಲ ಕಿಡಿ ತಪ್ಪಿತೋ ಸರ್ಕಾರ ಎಣಿಸಲಿಲ್ಲ. ಅವು ಸಿಡಿಯುತ್ತವೆ ಎಂದು ಅದು ಪೂರ್ತಿ ನಂಬಿತ್ತು. ಬಂದೂಕಿನ ವಿಶ್ವಾಸಾರ್ಹತೆಯನ್ನು ಹೊಡೆಯುವವನಿಗಿಂತ ಕಸಿಯುವವನೇ ಹೆಚ್ಚು ನಂಬುತ್ತಾನೆಂಬ ನಿಯಮವನ್ನು ಕರ್ತೃವು ಇಲ್ಲಿ ಸ್ಥಾಪಿಸುತ್ತಾನೆ.

ಇಂದಿನ ಉಪಪತ್ತಿಯೂ ಅದೇ. ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಬಂದೂಕು ಚುನಾವಣೆ ಘೋಷಣೆಯಾದೊಡನೆ ಠಾಣೆಗೆ ಜಮಾ, ಫಲಿತಾಂಶವಾದ ಮೇಲೆ ವಾಪಸ್. ಲೋಕಸಭೆ, ವಿಧಾನಸಭೆ, ಪಂಚಾಯಿತಿ: ಪ್ರತಿ ಸಲವೂ ಒಳಗೆ, ಹೊರಗೆ, ಒಳಗೆ, ಹೊರಗೆ. ತುಂಬುವುದರಲ್ಲಿ ತಪ್ಪಿಲ್ಲ, ಹೊರದೂಡುವುದರಲ್ಲಿ ತಪ್ಪಿಲ್ಲ. ಎಣ್ಣೆಯೂ ಬೇಡ, ಆದೇಶದ ಒಂದು ಪ್ರತಿ ಸಾಕು. ಅರೆ-ಸ್ವಯಂಚಾಲನೆಯ ಇಷ್ಟು ನಿರ್ದೋಷ ಮಾದರಿಯನ್ನು ಯಾವ ಕಾರ್ಖಾನೆಯೂ ಕೊಟ್ಟಿಲ್ಲ. ಅವ್ಯಾಪ್ತಿ ದೋಷ ಒಂದೇ ಉಳಿಯುತ್ತದೆ: ಕಾಡಹಂದಿಗೆ ವನ್ಯಜೀವಿ ಕಾಯ್ದೆ ಅನ್ವಯಿಸುತ್ತದೆ, ನೀತಿ ಸಂಹಿತೆ ಅನ್ವಯಿಸುವುದಿಲ್ಲ.